ನಡೆದಾಟ ಉಳಿಸಿದ ಗುರಿಗಳು: ನನ್ನ ಅನುಭವ

ಒಂದು ಸಂಜೆ ಕೈಗಡಿಯಾರ ನೋಡಿಕೊಂಡು ಲೆಕ್ಕ ಹಾಕಿದೆ. ಚರೆಕೋವಿಯಿಂದ ಗುರಿಗೆ ಹೊಡೆಯುವ ಎರಡು ಗಂಟೆಯ ಅಭ್ಯಾಸದಲ್ಲಿ ನಾನು ಕೋವಿ ಭುಜಕ್ಕೇರಿಸಿದ್ದು ಅರ್ಧ ಗಂಟೆಯೂ ಇರಲಿಲ್ಲ. ಉಳಿದ ಹೊತ್ತೆಲ್ಲ ಒಡೆದ ಗುರಿಯ ಜಾಗದಲ್ಲಿ ಹೊಸದನ್ನು ಇಟ್ಟುಬರಲು ಹೋಗಿತ್ತು. ಒಬ್ಬರು ಮುಂದಕ್ಕೆ ಹೋಗಬೇಕೆಂದರೆ ಸಾಲಿನಲ್ಲಿರುವ ಎಲ್ಲರೂ ತೋಟಾ ತೆಗೆದು, ಕೋವಿ ಖಾಲಿಯಿರುವುದನ್ನು ತೋರಿಸಿ, ಅದನ್ನು ಮೇಜಿನ ಮೇಲಿಟ್ಟು ಹಿಂದೆ ಸರಿಯಬೇಕು. ಈ ಶಿಸ್ತಿನಲ್ಲಿ ರಿಯಾಯಿತಿ ತೋರಿಸುವಂತಿಲ್ಲ. ಹಾಗಾಗಿ ಕಡಿಮೆ ಮಾಡಬಹುದಾದದ್ದು ಮುಂದಕ್ಕೆ ಹೋಗುವ ಸಂದರ್ಭಗಳನ್ನು ಮಾತ್ರ. ಮತ್ತೆ ಮತ್ತೆ ಬಳಸಬಹುದಾದ ಗುರಿಗಳನ್ನು ನಾನು ಹುಡುಕಲು ಹೊರಟದ್ದು ಹಣ ಉಳಿಸಲಿಕ್ಕಲ್ಲ, ಈ ನಡೆದಾಟ ಉಳಿಸಲಿಕ್ಕೆ.

ಅಲ್ಲಿಯವರೆಗೆ ನಾವು ಬಳಸುತ್ತಿದ್ದದ್ದು ಗಾಳಿಗೆ ಹಾರಿಸಿ ಹೊಡೆಯಲೆಂದು ಮಾಡಿದ ಕ್ಲೇ ತಟ್ಟೆಗಳನ್ನು. ಹೆಸರಿಗೆ ಅದು ಮಣ್ಣು, ವಾಸ್ತವದಲ್ಲಿ ಸುಣ್ಣಕಲ್ಲಿನ ಪುಡಿಗೆ ಡಾಂಬರಿನಂಥ ಅಂಟು ಬೆರೆಸಿ ಅಚ್ಚು ಹಾಕಿದ ವಸ್ತು. ಅಂತರರಾಷ್ಟ್ರೀಯ ಸ್ಪರ್ಧೆಯ ತಟ್ಟೆ 110 ಮಿಲಿಮೀಟರ್ ಅಗಲ, ಸುಮಾರು 105 ಗ್ರಾಂ ತೂಕವಿರುತ್ತದೆ. ಹಾರುವಾಗ ಅದರ ಸಮಕ್ಕೆ ಬೇರೊಂದು ಗುರಿಯಿಲ್ಲ. ಆದರೆ ಅದನ್ನೇ ಕಡ್ಡಿಗೆ ಸಿಕ್ಕಿಸಿ ನಿಂತ ಗುರಿಯಾಗಿ ಬಳಸಿದರೆ ಈಡಿಗೊಂದರಂತೆ ಇಡಬೇಕು, ಆಮೇಲೆ ಚೂರುಗಳನ್ನು ಹೆಕ್ಕಬೇಕು.

ಮೊದಲು ಕೊಂಡದ್ದು ತನ್ನ ತೂತನ್ನು ತಾನೇ ಮುಚ್ಚಿಕೊಳ್ಳುವ ರಬ್ಬರಿನಂಥ ಗುರಿ. ಎಸೆದರೆ ಸಾಕು, ನಿಲ್ಲಿಸುವ ಗೋಜಿಲ್ಲ ಎಂಬುದೇ ಅದರ ಆಕರ್ಷಣೆಯಾಗಿತ್ತು. ಅದು ಒಂಟಿ ಗುಂಡಿಗಾಗಿ ಮಾಡಿದ್ದೆಂಬುದು ನನಗೆ ಹೊಳೆಯಲಿಲ್ಲ. ಚರೆಕೋವಿಯ ತೋಟಾದಲ್ಲಿರುವುದು ಒಂದು ಗುಂಡಲ್ಲ, ಚರೆ ಎಂಬ ಸಣ್ಣ ಸಣ್ಣ ಗುಂಡುಗಳು; 24 ಗ್ರಾಮಿನ ತೋಟಾದಲ್ಲಿ ಏಳೂವರೆ ನಂಬರಿನ (ಗಾತ್ರದ) ಚರೆಗಳು ಸುಮಾರು 300 ಇರುತ್ತವೆ. ಹತ್ತಿರದಿಂದ ಹೊಡೆದರೆ ಅವು ಒಟ್ಟಾಗಿ ಬಿದ್ದು ರಬ್ಬರನ್ನು ತುಂಡುತುಂಡಾಗಿ ಕಿತ್ತವು, ದೂರದಿಂದ ಹೊಡೆದರೆ ಒಳಹೊಕ್ಕುವಷ್ಟು ಬಲವಿಲ್ಲದೆ ಕೆಲವು ಪುಟಿದವು. ನನ್ನ ಬೂಟಿನ ಪಕ್ಕ ಬಂದು ಬಿದ್ದ ಒಂದು ಚಪ್ಪಟೆ ಚರೆಯನ್ನು ಎತ್ತಿಕೊಂಡ ದಿನವೇ ಆ ಗುರಿಗೆ ವಿದಾಯ ಹೇಳಿದೆ.

ಮುಂದಿನ ಆಯ್ಕೆ ಉಕ್ಕಿನ ತಟ್ಟೆಗಳು. ರೈಫಲ್ ಹೊಡೆಯುವ ಗೆಳೆಯರೊಬ್ಬರ ಸಲಹೆಯಂತೆ 20 ಸೆಂಟಿಮೀಟರ್ ಅಗಲ, 10 ಮಿಲಿಮೀಟರ್ ದಪ್ಪದ ತಟ್ಟೆಗಳನ್ನು ತಂದೆ. ಒಂದೊಂದರ ತೂಕ ಎರಡೂವರೆ ಕಿಲೋ. 20 ಮೀಟರಿನಿಂದ ಹೊಡೆದರೆ ಟಣ್ ಎಂದು ಸದ್ದಾಗುತ್ತಿತ್ತು, ತಟ್ಟೆ ಮಾತ್ರ ಅಲುಗಾಡಿ ಮತ್ತೆ ನೆಟ್ಟಗೆ ನಿಲ್ಲುತ್ತಿತ್ತು. ಆ ದೂರದಲ್ಲಿ ಚೋಕ್ (ಚರೆಗಳ ಹರಡುವಿಕೆ ತಗ್ಗಿಸಲು ನಳಿಗೆಯ ಬಾಯಲ್ಲಿರುವ ಕಿರಿದು) ಇಲ್ಲದ ನಳಿಗೆಯ ಚರೆಗಳು ಅರ್ಧ ಮೀಟರಿಗೂ ಹೆಚ್ಚು ಅಗಲಕ್ಕೆ ಚೆದರಿರುತ್ತವೆ, ತಟ್ಟೆಗೆ ತಾಗುವುದು ಅವುಗಳ ಒಂದು ಪಾಲು ಮಾತ್ರ. ಹಾಗಾದರೆ ಚಿಕ್ಕ ತಟ್ಟೆ ತರೋಣ ಎಂಬುದು ಸಹಜವಾಗಿ ಬರುವ ಯೋಚನೆ, ನನಗೂ ಬಂತು. ಆದರೆ ಅಗಲ ತಗ್ಗಿಸಿದರೆ ತೂಕದ ಜೊತೆಗೆ ತಾಗುವ ಚರೆಗಳೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತವೆ. ಕಡಿಮೆಯಾಗಬೇಕಾದದ್ದು ದಪ್ಪ. ಅಷ್ಟೇ ಅಗಲದ 6 ಮಿಲಿಮೀಟರ್ ತಟ್ಟೆ ಒಂದೂವರೆ ಕಿಲೋ ತೂಗುತ್ತದೆ, ಅದೇ ತೋಟಾಕ್ಕೆ ಸಲೀಸಾಗಿ ಮಗುಚುತ್ತದೆ. ರೈಫಲ್ ಗುಂಡಿಗೆ ಬೇಕಾದ ದಪ್ಪ, ಗಡಸು ಉಕ್ಕು ಸಣ್ಣ ಚರೆಗೆ ಬೇಕಿಲ್ಲ. ಒಂದು ಎಚ್ಚರಿಕೆಯಿದೆ: ಈ ತೆಳು ತಟ್ಟೆಗೆ ಒಂಟಿ ಗುಂಡಿನ ತೋಟಾವನ್ನಾಗಲಿ ದಪ್ಪ ಚರೆಯನ್ನಾಗಲಿ ಹೊಡೆಯಬಾರದು. ಒಮ್ಮೆ ಕುಳಿ ಬಿದ್ದ ತಟ್ಟೆ ಆಮೇಲೆ ಚರೆಗಳನ್ನು ಯಾವ ದಿಕ್ಕಿಗೆ ಎಸೆಯುತ್ತದೆಂದು ಹೇಳಲಾಗದು.

ಬಿದ್ದ ತಟ್ಟೆಯನ್ನು ಎಬ್ಬಿಸಲು ಎರಡು ದಾರಿಗಳಿದ್ದವು. ಹಿಂದಿನಿಂದ ಹಗ್ಗ ಜಗ್ಗಿ ಸಾಲನ್ನೇ ಎಬ್ಬಿಸುವುದು ಒಂದು. ಕೀಲಿನ ಕೆಳಗೆ ತೂಕ ಕಟ್ಟಿ, ಏಟು ತಿಂದ ತಟ್ಟೆ ಹಿಂದಕ್ಕೆ ಹೋಗಿ ತಾನೇ ಮರಳುವಂತೆ ಮಾಡುವುದು ಇನ್ನೊಂದು. ಹಗ್ಗ ಮಳೆಗಾಲದಲ್ಲಿ ನೆನೆದು ಬಿಗಿಯಿತು, ಹುಲ್ಲಿಗೆ ಸಿಕ್ಕಿಕೊಂಡಿತು, ಅದನ್ನು ಬಿಡಿಸಲು ಮತ್ತೆ ನಾನೇ ನಡೆಯಬೇಕಾಯಿತು. ತೂಕದ ವ್ಯವಸ್ಥೆಗೆ ಇನ್ನೊಂದು ಗುಣವಿದೆ. ಚರೆ ನೆಲದತ್ತ ಚಿಮ್ಮಬೇಕಾದರೆ ತಟ್ಟೆಯ ಮುಖ ತುಸು ಮುಂದಕ್ಕೆ ಬಾಗಿರಬೇಕು. ಬೀಳುವ ತಟ್ಟೆಯನ್ನು ಹಾಗೆ ಬಾಗಿಸಿದರೆ ಅದು ಬೀಳುವುದೇ ಇಲ್ಲ, ತೂಕ ಕಟ್ಟಿದ ತಟ್ಟೆಯನ್ನಾದರೆ ಬೇಕಾದಷ್ಟು ಬಾಗಿಸಿ ನಿಲ್ಲಿಸಬಹುದು. ಆದರೆ ಹಿಂದಕ್ಕೆ ವಾಲಿರುವ ಕ್ಷಣದಲ್ಲಿ ಎರಡನೆಯ ಈಡು ತಾಗಿದರೆ ಚರೆ ಮೇಲಕ್ಕೆ ಹಾರುತ್ತದೆ. ತಟ್ಟೆ ಮರಳಿ ನಿಂತ ಮೇಲೆಯೇ ಎರಡನೆಯ ಈಡು ಎಂಬ ನಿಯಮವನ್ನು ನಾವು ಪಾಲಿಸುತ್ತೇವೆ.

ನಿಲ್ಲಿಸುವ ಚೌಕಟ್ಟಿನ ವಿಷಯದಲ್ಲಿ ನನಗೆ ಬುದ್ಧಿ ಕಲಿಸಿದ್ದು ಒಂದು ನಟ್ಟು. ಬೋಲ್ಟು ಬಿಗಿಯುವ ನಾಲ್ಕು ಕಾಲಿನ ಚೌಕಟ್ಟನ್ನು ಜೋಡಿಸುವಾಗ ಅದು ಬೆರಳಿನಿಂದ ಜಾರಿ ಹುಲ್ಲಿನೊಳಗೆ ಬಿತ್ತು. ಮೊಣಕಾಲೂರಿ ಅಂಗೈಯಲ್ಲಿ ನೆಲ ತಡವುತ್ತ ಕಾಲು ಗಂಟೆ ಕಳೆದೆ, ಸಿಗಲಿಲ್ಲ. ಅಂದಿನಿಂದ ಕೊಳವೆಯೊಳಗೆ ತೂರಿಸಿ ನಿಲ್ಲಿಸುವ ಮೂರು ಕಾಲಿನ ಚೌಕಟ್ಟನ್ನೇ ಬಳಸುತ್ತಿದ್ದೇನೆ. ಮೂರು ಕಾಲಿದ್ದರೆ ಏರುತಗ್ಗಿನ ನೆಲದಲ್ಲೂ ಕುಂಟುವುದಿಲ್ಲ. ಒಬ್ಬನೇ, ಸ್ಪ್ಯಾನರ್ ಇಲ್ಲದೆ, 5 ನಿಮಿಷದಲ್ಲಿ ನಿಲ್ಲಿಸಲಾಗದ ಗುರಿಯನ್ನು ಈಗ ನಾನು ಕೊಳ್ಳುವುದಿಲ್ಲ.

ಸುರಕ್ಷತೆಯ ಬಗ್ಗೆ ಮುಖ್ಯವಾದದ್ದನ್ನಷ್ಟೇ ಹೇಳುತ್ತೇನೆ. ಸೀಸದ ಚರೆ ಉಕ್ಕಿಗೆ ಬಡಿದು ಚಪ್ಪಟೆಯಾಗುತ್ತದೆ, ಉಕ್ಕಿನ ಚರೆ ಹಾಗಾಗದೆ ನೇರವಾಗಿ ಹಿಂದಕ್ಕೆ ಪುಟಿಯುತ್ತದೆ. ಆದ್ದರಿಂದ ಉಕ್ಕಿನ ಗುರಿಗೆ ಉಕ್ಕಿನ ಚರೆ ನಿಷಿದ್ಧ. ಸಂಶಯವಿದ್ದರೆ ಒಂದು ತೋಟಾ ಬಿಚ್ಚಿ ಚರೆಗೆ ಅಯಸ್ಕಾಂತ ಹಿಡಿಯುತ್ತೇನೆ. ಹೊಡೆಯುವವರಷ್ಟೇ ಅಲ್ಲದೆ ನೋಡುವವರೂ ರಕ್ಷಣಾ ಕನ್ನಡಕ ಹಾಕಿರಬೇಕು, ಮತ್ತು 15 ಮೀಟರಿಗಿಂತ ಹತ್ತಿರದಿಂದ ನಾನು ಹೊಡೆಯುವುದಿಲ್ಲ. ತಟ್ಟೆಗಳನ್ನು ಮುಟ್ಟಿದ ಮೇಲೆ ಸೀಸದ ಧೂಳು ಹೋಗುವಂತೆ ಕೈ ತೊಳೆಯುವುದನ್ನೂ ಮರೆಯಬಾರದು.

ಉಕ್ಕು ನನಗೆ ಕೊಟ್ಟ ಬಳುವಳಿಯೊಂದನ್ನು ನಾನು ನಿರೀಕ್ಷಿಸಿರಲಿಲ್ಲ. ತಟ್ಟೆಗೆ ಬಿಳಿ ಬಣ್ಣ ಸಿಂಪಡಿಸಿದರೆ ಚರೆ ತಾಗಿದಲ್ಲೆಲ್ಲ ಬೂದು ಚುಕ್ಕೆ ಮೂಡುತ್ತದೆ. ತಟ್ಟೆ ಬಿದ್ದರೆ ಸಾಕೆಂದುಕೊಂಡಿದ್ದ ನಾನು ಒಂದು ದಿನ ಬಗ್ಗಿ ನೋಡಿದರೆ, ಐದು ತಟ್ಟೆಗಳಲ್ಲೂ ಚುಕ್ಕೆಗಳು ಮೇಲಂಚಿಗೇ ಗುಂಪುಗೂಡಿದ್ದವು, ಕೆಳಗಿನ ಅರ್ಧ ಹೆಚ್ಚುಕಡಿಮೆ ಬಿಳಿಯಾಗಿಯೇ ಉಳಿದಿತ್ತು. ಕೋವಿಯ ಕುದುರೆ (ಟ್ರಿಗರ್) ಎಳೆಯುವ ಹೊತ್ತಿಗೆ ನನ್ನ ಕೆನ್ನೆ ಕೋವಿಯ ಹಿಡಿಯಿಂದ ಏಳುತ್ತಿತ್ತು. ಕಣ್ಣು ಮೇಲಾದಂತೆ ಈಡೂ ಮೇಲಾಗುತ್ತಿತ್ತು. ಚೋಕಿನ ಸರಿಯಾದ ಪರೀಕ್ಷೆಗೆ 36 ಮೀಟರಿನಾಚೆ ಕಾಗದ ಕಟ್ಟಿ, 76 ಸೆಂಟಿಮೀಟರ್ ವೃತ್ತದೊಳಗಿನ ಚರೆ ಎಣಿಸಬೇಕೆಂಬುದು ನಿಜ. ಆದರೆ ಕೆನ್ನೆಯ ದೋಷ ತೋರಿಸಲು ಬಣ್ಣದ ಡಬ್ಬಿಯೇ ಸಾಕಾಯಿತು.

ನಿಂತ ತಟ್ಟೆ ಹಾರುವ ಗುರಿಯನ್ನು ಹಿಂಬಾಲಿಸುವುದನ್ನು ಕಲಿಸದು. ದಪ್ಪ ರಬ್ಬರ್ ಪಟ್ಟಿಯಲ್ಲಿ ತಟ್ಟೆ ತೂಗುಹಾಕಿ ತೂಗಾಡಿಸಿಯೂ ನೋಡಿದ್ದೇನೆ. ಅದು ಎರಡು ತುದಿಯಲ್ಲೂ ಕ್ಷಣಕಾಲ ನಿಲ್ಲುವುದರಿಂದ ಕೈ ಅಲ್ಲಿಗೇ ಕಾಯುವ ಚಾಳಿ ಬೀಳುತ್ತದೆ. ಆದ್ದರಿಂದ ಕೋವಿ ಭುಜಕ್ಕೇರಿಸುವುದು, ಒಂದು ಗುರಿಯಿಂದ ಇನ್ನೊಂದಕ್ಕೆ ಹೊರಳುವುದು, ತೋಟಾ ತುಂಬುವುದು ಇವಿಷ್ಟನ್ನು ಮೊದಲ ಒಂದು ಗಂಟೆ ಉಕ್ಕಿನ ಮೇಲೆ ಅಭ್ಯಾಸ ಮಾಡಿ, ತಟ್ಟೆಗಳನ್ನು ಮಡಚಿಟ್ಟ ಬಳಿಕ 25 ಕ್ಲೇಗಳನ್ನು ಹಾರಿಸುತ್ತೇವೆ.