ಸೇಬಿನ ಮರಕ್ಕೆ ವಾಸೇಲ್: ದಯವಿಟ್ಟು ಸೈಡರ್ ಕುದಿಸಬೇಡಿ

ಇಂಗ್ಲೆಂಡಿನ ಸಾಮರ್ಸೆಟ್, ಡೆವನ್, ಹೆರೆಫರ್ಡ್‌ಶೈರ್ ಕಡೆ ಜನವರಿಯ ಚಳಿಯಲ್ಲಿ ಜನ ತೋಟಕ್ಕೆ ಹೋಗಿ ಸೇಬಿನ ಮರದ ಬುಡಕ್ಕೆ ಸೈಡರ್, ಅಂದರೆ ಸೇಬಿನ ರಸ ಹುದುಗಿಸಿ ಮಾಡಿದ ಮದ್ಯ, ಎರೆಯುತ್ತಾರೆ. ಹಾಡುತ್ತಾರೆ, ಗದ್ದಲ ಎಬ್ಬಿಸುತ್ತಾರೆ, ಫಸಲು ಚೆನ್ನಾಗಿ ಬರಲಿ ಎಂದು ಹಾರೈಸುತ್ತಾರೆ. ಇದೇ ವಾಸೇಲ್. ಅಲ್ಲಿ ನೆಲೆಸಿದ ನಮ್ಮವರ ಹಿತ್ತಲಲ್ಲಿ ಒಂದು ಸೇಬಿನ ಮರ ಇದ್ದರೂ ಸಾಕು, ಮಾಡಬಹುದು. ಹಾಡು ತಪ್ಪಿದರೆ ಯಾರೂ ಬೇಸರ ಮಾಡುವುದಿಲ್ಲ. ಹೆಚ್ಚಿನವರು ಕೆಡಿಸುವುದು ಜೊತೆಗೆ ಕುಡಿಯುವ ಬಿಸಿ ಪಾನೀಯವನ್ನು.

ದಿನ: ಜನವರಿ 17. ಕೆಲವರು 5 ಅಥವಾ 6ಕ್ಕೆ ಮಾಡುತ್ತಾರೆ. 1752ರಲ್ಲಿ ಬ್ರಿಟನ್ ಕ್ಯಾಲೆಂಡರ್ ಬದಲಿಸಿ 11 ದಿನ ಹಾರಿಸಿಬಿಟ್ಟಿತು. ಸಾಮರ್ಸೆಟ್‌ನ ಕಾರ್‌ಹ್ಯಾಂಪ್ಟನ್‌ನಂಥ ಊರುಗಳು ಹಳೇ ಲೆಕ್ಕವನ್ನು ಬಿಡಲಿಲ್ಲ, ಅದರಂತೆ ಈ ದಿನ 17ಕ್ಕೆ ಬೀಳುತ್ತದೆ. ನೀವೂ 17ಕ್ಕೇ ಮಾಡಿ.

ಮರ: ತೋಟದಲ್ಲೇ ಹಳೆಯದನ್ನು ಆರಿಸಿ. ಬೆಂಕಿ ಹಾಕುವುದಾದರೆ ಕೊಂಬೆಗಳಿಂದ ಚೆನ್ನಾಗಿ ದೂರ ಇರಲಿ. ಮೊಗ್ಗು, ತೊಗಟೆ ಬೆಂದರೆ ಯಾವ ಹಾರೈಕೆಯೂ ಕೈಹಿಡಿಯದು.

ಈಗ ಲ್ಯಾಂಬ್ಸ್‌ವೂಲ್ ಎಂಬ ಬಿಸಿ ಪಾನೀಯ. ಬ್ರ್ಯಾಮ್ಲಿ ಸೇಬೇ ಬೇಕು. ಇದು ಹುಳಿ ಜಾಸ್ತಿ ಇರುವ ಅಡುಗೆ ಸೇಬು, ಬೆಂದಾಗ ಹತ್ತಿಯಂತೆ ಅರಳುತ್ತದೆ. ಗಾಲಾದಂಥ ತಿನ್ನುವ ಸೇಬು ಬೇಯಿಸಿದರೂ ಹೆಚ್ಚಾಗಿ ತುಂಡು ತುಂಡಾಗಿಯೇ ಉಳಿಯುತ್ತದೆ. ಆರು ಜನಕ್ಕೆ ನಾಲ್ಕು ಸೇಬು ತೆಗೆದುಕೊಳ್ಳಿ. ನಡುವಿನ ಬೀಜದ ಭಾಗ ತೆಗೆಯಿರಿ. ಸಿಪ್ಪೆಗೆ ಸುತ್ತಲೂ ಚಾಕುವಿನಿಂದ ಒಂದು ಗೆರೆ ಎಳೆಯಿರಿ, ಇಲ್ಲದಿದ್ದರೆ ಸಿಡಿದು ಒಲೆಯೆಲ್ಲ ರಾಡಿ. ಅಂಚಿರುವ ತಟ್ಟೆಯಲ್ಲಿಟ್ಟು 180 ಡಿಗ್ರಿ ಓವನ್‌ನಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ಒತ್ತಿದರೆ ಕುಸಿಯಬೇಕು. ತಿರುಳನ್ನು ಚಮಚದಲ್ಲಿ ತೋಡಿ, ಫೋರ್ಕಿನಿಂದ ಕಡೆಯಿರಿ. ಮಿಕ್ಸಿ ಬೇಡ, ಗಂಜಿಯಾಗುತ್ತದೆ.

ಒಂದೂವರೆ ಲೀಟರ್ ಸೈಡರ್‌ಗೆ ಅರ್ಧ ಬಟ್ಟಲು ಕಂದು ಸಕ್ಕರೆ, ಅರ್ಧ ಚಮಚ ಒಣಶುಂಠಿ ಪುಡಿ, ತುರಿದ ಜಾಯಿಕಾಯಿ ಹಾಕಿ ಸಣ್ಣ ಉರಿಯಲ್ಲಿಡಿ. ಇಲ್ಲೇ ಎಲ್ಲರೂ ಎಡವುವುದು. ಆಲ್ಕೋಹಾಲ್ 78 ಡಿಗ್ರಿಗೇ ಕುದಿಯುತ್ತದೆ. ಪಾತ್ರೆ ಕೊತಕೊತ ಕುದಿಯಲು ಬಿಟ್ಟರೆ ಅದೂ ಹೋಯಿತು, ಪರಿಮಳವೂ ಹೋಯಿತು. ಹಬೆ ಏಳಬೇಕು, ಅಂಚಿನಲ್ಲಿ ಸಣ್ಣ ಗುಳ್ಳೆ ಕಂಡ ಕೂಡಲೇ ಇಳಿಸಬೇಕು. ಆಮೇಲೆ ತಿರುಳು ಬೆರೆಸಿ ಜೋರಾಗಿ ಕಡೆಯಿರಿ, ನೊರೆ ಬರುತ್ತದೆ. ಅಂಗಡಿಯಲ್ಲಿ ಮಸಾಲೆ ಪೊಟ್ಟಣ ಸಿಗುತ್ತದೆ, ತರಬೇಡಿ. ಬರೀ ಲವಂಗದ ವಾಸನೆ. ತೀರಾ ಸಿಹಿಯಾದ ಸೈಡರ್ ಕೂಡ ಬೇಡ. ಮಕ್ಕಳಿಗೆ ಸೇಬಿನ ರಸದಲ್ಲಿ ಬೇರೆ ಪಾತ್ರೆಯಲ್ಲಿ ಮಾಡಿ.

ಟೋಸ್ಟ್: ದಪ್ಪ ಹೋಳು, ಗಟ್ಟಿಯಾಗಿ ಸುಟ್ಟದ್ದು. ಮೆತ್ತನೆಯ ಸ್ಲೈಸ್ ಬ್ರೆಡ್ ಸೈಡರ್‌ನಲ್ಲಿ ಅದ್ದಿದ ತಕ್ಷಣ ಕಳಚಿ ಬೀಳುತ್ತದೆ. ಅದ್ದುವ ಮೊದಲೇ ತೂತು ಮಾಡಿ ಹತ್ತಿ ದಾರ ಪೋಣಿಸಿ, ಕೊಂಬೆಗೆ ಸಡಿಲವಾಗಿ ಕಟ್ಟಿ. ಇದು ಮರ ಕಾಯುವ ರಾಬಿನ್ ಹಕ್ಕಿಗೆ. ಕಟ್ಟುವ ಗೌರವ ಆ ವರ್ಷಕ್ಕೆ ಆರಿಸಿದ ವಾಸೇಲ್ ರಾಣಿಯದು, ಮನೆಯಲ್ಲಾದರೆ ಚಿಕ್ಕ ಹುಡುಗಿಯನ್ನು ಎತ್ತಿ ಹಿಡಿಯಿರಿ.

ಬುಡಕ್ಕೆ ತಣ್ಣನೆಯ ಸೈಡರ್ ಒಂದು ಲೋಟ ಎರೆದರೆ ಆಯಿತು. ಬಿಸಿಯದು ನಿಮಗೆ, ಮರಕ್ಕಲ್ಲ.

ಕೊನೆಗೆ ಕೆಟ್ಟ ಶಕ್ತಿ ಓಡಿಸಲು ಗದ್ದಲ. ತೋಟದವರು ಬಂದೂಕು ಹಾರಿಸುತ್ತಾರೆ, ಅದು ಲೈಸೆನ್ಸ್ ಇರುವವರ ಕೆಲಸ. ನಿಮಗೆ ಪಾತ್ರೆ, ಸೌಟು ಸಾಕು. ಪಕ್ಕದ ಮನೆಯಲ್ಲಿ ಕುದುರೆ, ನಾಯಿ ಇದ್ದರೆ ಹಿಂದಿನ ದಿನವೇ ಹೇಳಿಡಿ. ಕೊಂಬೆಯ ದಾರವನ್ನು ವಾರದೊಳಗೆ ಬಿಚ್ಚಿ, ಕೊಂಬೆ ದಪ್ಪವಾದಾಗ ತೊಗಟೆಯನ್ನು ಕೊರೆಯುತ್ತದೆ.