ಐಕ್ಯೂ ಜಾಗದಲ್ಲಿ ಗೀಟು ಎಳೆದೆ: ನನ್ನ ಎರಡು ದಿನದ ಪದ್ಧತಿ

ಒಂದೇ ಸಿಟಿಂಗ್‌ನಲ್ಲಿ ಬಿನೆ-ಕಾಮತ್ (ಹೆಚ್ಚಾಗಿ ಮಾತಿನಲ್ಲಿ ಕೇಳಿ ಮಕ್ಕಳ ಬುದ್ಧಿಶಕ್ತಿ, ಅಂದರೆ ಐಕ್ಯೂ, ಅಳೆಯುವ ಪರೀಕ್ಷೆ) ಮುಗಿಸಿ ರಿಪೋರ್ಟ್ ಕೊಡುವುದನ್ನು ಬಿಟ್ಟು ಮೂರು ವರ್ಷ ಆಯ್ತು. ಈಗ ಬೇರೆ ಬೇರೆ ಪರೀಕ್ಷೆಗಳನ್ನು ಎರಡು ದಿನಕ್ಕೆ ಹಂಚುತ್ತೇನೆ. "ಎರಡನೇ ದಿನ ಅಂಕ ಏರೋದು ಬರೀ ಪ್ರಾಕ್ಟೀಸ್ ಎಫೆಕ್ಟ್, ಒಮ್ಮೆ ಮಾಡಿದ ರೂಢಿ ಕಣಯ್ಯ" ಅಂತ ನಕ್ಕಿದ್ದ ಸೀನಿಯರ್ ಒಬ್ಬರು ಹೋದ ತಿಂಗಳು ತಾವೇ ಫೋನ್ ಮಾಡಿ ಹೇಗೆ ಮಾಡ್ತೀಯ ಅಂತ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕಣ್ಣು ತೆರೆಸಿದ್ದು ತಾಂಡಾದ ಒಬ್ಬ ಹುಡುಗಿ. ಎಂಟು ವರ್ಷ. ಐಕ್ಯೂ 58 ಬಂತು (ಸರಾಸರಿ ಅಂದರೆ ನೂರು). ಕಾಮತರು ಆ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ್ದು 1930ರ ದಶಕದಲ್ಲಿ. ನಾರ್ಮ್ ಅಂದರೆ ಆಗಿನ ಮಕ್ಕಳ ಸರಾಸರಿ ಅಂಕ, ಅದು ತಲೆಮಾರಿನಿಂದ ತಲೆಮಾರಿಗೆ ಏರುತ್ತಾ ಬಂದಿದೆ. ಅಷ್ಟು ಹಳೆಯ ನಾರ್ಮ್‌ನಲ್ಲಿ ಈಗಿನ ಮಕ್ಕಳಿಗೆ ಅಂಕ ಜಾಸ್ತಿಯೇ ಬರಬೇಕು, ಅಲ್ವಾ? ಅದರಲ್ಲೂ ಇಷ್ಟು ಕಮ್ಮಿ. ಇತ್ತ ಅದೇ ಹುಡುಗಿ ಹೊರಗೆ ಬೆಂಚಿನ ಮೇಲೆ ಕೂತು, ತಮ್ಮ ತಂದ ಚಿಲ್ಲರೆ ಎಣಿಸಿ, ಎರಡು ರೂಪಾಯಿ ಕಮ್ಮಿ ಅಂತ ಅವನನ್ನು ವಾಪಸ್ ಅಂಗಡಿಗೆ ಓಡಿಸಿದಳು. ನಾನು ಪೆನ್ನು ಕೆಳಗಿಟ್ಟೆ.

ಮೊದಲು ಅವಳ ಅಜ್ಜಿಯನ್ನೇ ಲಂಬಾಣಿಗೆ ಅನುವಾದಕ್ಕೆ ಕೂರಿಸಿದೆ. ಅಜ್ಜಿ ಪ್ರಶ್ನೆಯ ಜೊತೆ ಉತ್ತರವನ್ನೂ ಹೇಳಿಕೊಟ್ಟರು! ಆ ದಿನ ದಂಡ. ಆಮೇಲೆ ಮಾತೇ ಬೇಡದ ಕಲರ್ಡ್ ಮ್ಯಾಟ್ರಿಸಸ್ (ಬಣ್ಣದ ವಿನ್ಯಾಸದಲ್ಲಿ ಬಿಟ್ಟುಹೋದ ತುಂಡು ಗುರುತಿಸುವ ಪರೀಕ್ಷೆ) ಇಟ್ಟೆ. 36ರಲ್ಲಿ 24-25 ಬಂತು. ಆ ವಯಸ್ಸಿಗೆ ಏನೂ ಕಮ್ಮಿಯಲ್ಲ. ಪರೀಕ್ಷೆಯೇ ಬೇರೆ, ಇದರಲ್ಲಿ ಪ್ರಾಕ್ಟೀಸ್ ಎಲ್ಲಿಂದ ಬರಬೇಕು?

ಈಗ ಮೊದಲ ದಿನ ಫಾರ್ಮ್ ಬೋರ್ಡ್ (ಮರದ ಆಕಾರಗಳನ್ನು ಅವುಗಳ ಗೂಡಿಗೆ ಎಷ್ಟು ಬೇಗ ಕೂರಿಸುತ್ತಾರೆ ಅಂತ ನೋಡುವ ಹಲಗೆ), ಮ್ಯಾಟ್ರಿಸಸ್. ಮಾತಿನದ್ದೆಲ್ಲ ಎರಡನೇ ದಿನ. ಒಂದರಲ್ಲಿ ಚುರುಕಾದ ಮಗು ಉಳಿದವುಗಳಲ್ಲೂ ಸಾಮಾನ್ಯವಾಗಿ ಚುರುಕೇ ಅಂತ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ 1904ರಲ್ಲೇ ತೋರಿಸಿದ್ದರು. ಎರಡು ದಿನದ ಅಂಕ ಹತ್ತಿರ ಬಂದರೆ ನಂಬುತ್ತೇನೆ. ಇಪ್ಪತ್ತರ ಅಂತರ ಬಿದ್ದರೆ ಒಟ್ಟು ಐಕ್ಯೂ ಬರೆಯುವುದೇ ಇಲ್ಲ, ಭಾಷೆ, ಕಿವಿ, ಭಯ ಯಾವುದು ಅಂತ ಹುಡುಕುತ್ತೇನೆ.

ದುಡ್ಡಿನ ಕಥೆ ಕೇಳಬೇಡಿ. ಒಂದು ಫೀಸಿಗೆ ಎರಡು ದಿನ. ಮೊದಲ ವರ್ಷ ನಲವತ್ತು ಸಾವಿರದಷ್ಟು ಖೋತಾ. ಉಳಿಸೋಣ ಅಂತ ಆರುನೂರು ರೂಪಾಯಿಗೆ ಬಡಗಿಯ ಹತ್ತಿರ ಫಾರ್ಮ್ ಬೋರ್ಡ್ ಮಾಡಿಸಿದೆ. ಮಳೆಗಾಲಕ್ಕೆ ಮರ ಉಬ್ಬಿ ನಕ್ಷತ್ರ ಗೂಡಿಗೆ ಇಳಿಯಲೇ ಇಲ್ಲ. ಮಕ್ಕಳು ತಗೊಂಡ ಸಮಯದ ಲೆಕ್ಕವೆಲ್ಲ ಹಾಳು.

ಆಟದ ಪ್ರಾಕ್ಟೀಸ್‌ನಿಂದ ಅಂಕ ಏರುತ್ತಾ ಅಂತ ಸುಮ್ನೆ ಕುತೂಹಲಕ್ಕೆ ಹನ್ನೆರಡು ಮಕ್ಕಳಿಗೆ ಎರಡು ತಿಂಗಳು ಚೌಕಾಬಾರ ಆಡಿಸಿದ್ದೆ. ಚೌಕಾಬಾರದಲ್ಲಿ ನನ್ನನ್ನೇ ಸೋಲಿಸಿದರು. ಬ್ಲಾಕ್ ಡಿಸೈನ್ (ಬಣ್ಣದ ಘನಗಳಿಂದ ವಿನ್ಯಾಸ ಜೋಡಿಸುವ ಪರೀಕ್ಷೆ) ಅಂಕ ಅಲ್ಲಾಡಲಿಲ್ಲ.

ಆ ಹುಡುಗಿಯ ಶಾಲೆಯವರಿಗೆ ಒಂದು ನಂಬರ್ ಬೇಕೇ ಬೇಕಿತ್ತು. ಆ ಜಾಗದಲ್ಲಿ ಗೀಟು ಎಳೆದು, ಕೆಳಗೆ "ಮೊದಲು ಲಂಬಾಣಿಯಲ್ಲಿ ಕೇಳಿ ನೋಡಿ" ಅಂತ ಬರೆದು ಕೊಟ್ಟೆ. ಅವರ ಫೀಸು ಇನ್ನೂ ಬಂದಿಲ್ಲ.