ಪಿಎಪಿಆರ್ ಹಾಕಿ ವಾರ್ಡ್ ಕ್ಲೀನ್ ಮಾಡುವವರಿಗೆ: ಗಾಳಿ ಸಾಲುತ್ತಿದೆಯಾ ನೋಡಿಕೊಳ್ಳಿ

ಐಸೊಲೇಷನ್ ವಾರ್ಡ್‌ಗೆ ಪಿಎಪಿಆರ್, ಅಂದರೆ ಸೊಂಟದ ಬ್ಲೋವರ್‌ನಿಂದ ಗಾಳಿ ಬರುವ ಹುಡ್ ಅಥವಾ ಮಾಸ್ಕ್, ಹಾಕಿ ಹೋಗುವವರಿಗೆ ಒಂದು ಮಾತು. ಫ್ಯಾನ್ ಸದ್ದು ಕೇಳಿಸಿತು ಅಂತ ಸುಮ್ನೆ ಒಳಗೆ ಹೋಗಬೇಡಿ. ಸದ್ದಿದ್ದರೂ ಗಾಳಿ ಕಮ್ಮಿ ಇರಬಹುದು.

ಕೆಲಸಗಾರರ ಸುರಕ್ಷತೆ ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಯೋಶ್ ಲೆಕ್ಕದಲ್ಲಿ ಸಡಿಲ ಹುಡ್‌ಗೆ ನಿಮಿಷಕ್ಕೆ ಕನಿಷ್ಠ 170 ಲೀಟರ್ ಗಾಳಿ ಬೇಕು. ಬಿಗಿಯಾಗಿ ಕೂರುವ ಮಾಸ್ಕ್‌ಗೆ 115 ಸಾಕು. ಹುಡ್‌ಗೆ ಯಾಕೆ ಜಾಸ್ತಿ? ಅದರ ಅಂಚು ಮುಖಕ್ಕೆ ಅಂಟಿರುವುದಿಲ್ಲ. ಒಳಗಿಂದ ಹೊರಕ್ಕೆ ನುಗ್ಗುವ ಗಾಳಿಯೇ ಅಲ್ಲಿ ತಡೆ. ನೆಲ ಉಜ್ಜುವಾಗ, ಮಂಚ ಎಳೆಯುವಾಗ ಉಸಿರು ಜೋರಾಗುತ್ತದೆ ಅಲ್ವಾ? ಆಗ ಗಾಳಿ ಸಾಲದಿದ್ದರೆ ಹೊರಗಿನದು ಒಳಗೆ ಬರಬಹುದು.

ಪ್ರತಿ ಸಲ ಹಾಕುವ ಮೊದಲು ಸೆಟ್ ಜೊತೆ ಬಂದ ಫ್ಲೋ ಮೀಟರ್ ಇಟ್ಟು ನೋಡಿ. ಕೊಳವೆಯೊಳಗಿನ ಚೆಂಡು ಗೆರೆಗಿಂತ ಕೆಳಗೇ ನಿಂತರೆ ಮೊದಲು ಬ್ಯಾಟರಿ, ಆಮೇಲೆ ಫಿಲ್ಟರ್ ನೋಡಿ. ಪೈಪ್ ಮಡಚಿಕೊಂಡಿರುವುದೂ ಉಂಟು. ಫಿಲ್ಟರ್ ತೊಳೆಯಬೇಡಿ, ಬದಲಾಯಿಸಿ. ಗೌನ್ ಬಟ್ಟೆ ಬ್ಲೋವರ್ ಬಾಯಿಗೆ ಅಡ್ಡ ಬರದಂತೆ ನೋಡಿಕೊಳ್ಳಿ.

ಇನ್ನೊಂದು, ಬರೀ ಕಣ ತಡೆಯುವ ಫಿಲ್ಟರ್ ಬ್ಲೀಚಿಂಗ್ ಘಾಟನ್ನು ತಡೆಯುವುದಿಲ್ಲ. ಘಾಟು ಬಂತು ಅಂತ ಅಲ್ಲೇ ಹುಡ್ ತೆಗೆಯಬೇಡಿ, ಹೊರಗೆ ಬನ್ನಿ. ಅಲಾರಂ ಕೂಗಿದರೂ ಅಷ್ಟೇ.